ಬೀಡಿಯ ಸಾಲ, ಬಿಡುವ ಭಯ

(ದೇವಸುಗೂರಿನಲ್ಲಿ ರೈತರ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



ಸಾಲದ ಮೇಲೆ ನಾಲ್ಕು ಮಾತು ಹೇಳಬೇಕೆಂದು ನನ್ನನ್ನು ಕರೆದಿದ್ದೀರಿ. ಬ್ಯಾಂಕಿನ ಸಾಲ, ಸೊಸೈಟಿ ಸಾಲ, ಅಡತಿ ಅಂಗಡಿಯ ಉದ್ರಿ, ಬೀಜ ಗೊಬ್ಬರದ ಬಾಕಿ, ಇವುಗಳ ಲೆಕ್ಕ ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ನಾನು ಇವತ್ತು ಯಾವ ಪಾಸ್‌ಬುಕ್ಕಿನಲ್ಲೂ ಬರೆಯದ, ಯಾವ ಸರ್ಕಾರವೂ ಮನ್ನಾ ಮಾಡಲಾರದ ಒಂದು ಸಾಲದ ಬಗ್ಗೆ ಮಾತಾಡುತ್ತೇನೆ. ಅದು ನಿಮ್ಮ ಅಂಗಿಯ ಕಿಸೆಯಲ್ಲೇ ಇದೆ, ಕಡ್ಡಿಪೆಟ್ಟಿಗೆಯ ಪಕ್ಕದಲ್ಲಿ. ಹೌದು, ಬೀಡಿಯ ಮಾತೇ.

ನಗಬೇಡ್ರಿ. ಶಕ್ತಿನಗರದ ಚಿಮಣಿಗಳು ಇಲ್ಲಿಂದಲೇ ಕಾಣುತ್ತವೆ. 1985ರಲ್ಲಿ ಅಲ್ಲಿ ಮೊದಲ ಘಟಕ ಶುರುವಾಯಿತು. ಅದರ ಹೊಗೆ, ಅದರ ಬೂದಿಯ ಮೇಲೆ ತಕರಾರು ಮಾಡುವವರು ಈ ಸಭೆಯಲ್ಲೇ ಇದ್ದೀರಿ. ಮಾಡಬೇಕಾದ್ದೇ. ಆದರೆ ಆ ಚಿಮಣಿ ಆರಿಸುವ ಗುಂಡಿ ನಮ್ಮ ಕೈಯಲ್ಲಿಲ್ಲ. ತುಟಿಯ ಮೇಲಿರುವ ಈ ಸಣ್ಣ ಚಿಮಣಿ ಆರಿಸುವುದು ಮಾತ್ರ ನಮ್ಮ ಕೈಯಲ್ಲೇ ಇದೆ. ಆದರೂ ಇದೇ ನಮಗೆ ಆಗುತ್ತಿಲ್ಲ. ಯಾಕೆ ಆಗುತ್ತಿಲ್ಲ ಎಂಬುದೇ ಇವತ್ತಿನ ವಿಚಾರ.

ರೊಕ್ಕದ ಲೆಕ್ಕ ಮೊದಲು ಮುಗಿಸಿಬಿಡೋಣ. ದಿನಕ್ಕೆ 30 ರೂಪಾಯಿ ಬೀಡಿಗೆ ಹೋಗುತ್ತದೆ ಎಂದು ಇಟ್ಟುಕೊಳ್ಳಿ. ವರ್ಷಕ್ಕೆ 10,950 ಆಯಿತು. 40 ವರ್ಷಕ್ಕೆ 4,38,000. ಇದನ್ನು ಕೇಳಿ ನಿಮ್ಮಲ್ಲಿ ಒಬ್ಬರಾದರೂ ಬೀಡಿ ಬಿಡುತ್ತೀರಾ? ಬಿಡುವುದಿಲ್ಲ, ನನಗೆ ಗೊತ್ತು. ಲೆಕ್ಕ ತಿಳಿಯದ್ದಕ್ಕೆ ಯಾರೂ ಬೀಡಿ ಸೇದುತ್ತಿಲ್ಲ. ಕಟ್ಟಿನ ಮೇಲೆ ಅಚ್ಚು ಹಾಕಿದ ಹುಣ್ಣಿನ ಚಿತ್ರ ಕಣ್ಣಿಗೆ ಕಾಣದ್ದಕ್ಕೂ ಅಲ್ಲ. ಅರವತ್ತು ದಾಟಿದ ಹಿರಿಯರನ್ನು ಕೂಡಿಸಿಕೊಂಡು ಮೆತ್ತಗೆ ಕೇಳಿ ನೋಡಿ. "ಬಿಡಬೇಕಂತ ಮನಸ್ಸದ ತಮ್ಮಾ, ಆದರ ಅಂಜಿಕಿ ಬರ್ತದ" ಎನ್ನುತ್ತಾರೆ. ಆ ಅಂಜಿಕೆಯೇ ಗಂಟು.

1980ರ ಜುಲೈನಲ್ಲಿ ನರಗುಂದ, ನವಲಗುಂದದಲ್ಲಿ ನೀರಿನ ಕರದ ಮೇಲೆ ರೈತರು ಎದ್ದು ನಿಂತರು. ಲಾಠಿಗೆ ಅಂಜಲಿಲ್ಲ, ಗುಂಡಿಗೆ ಅಂಜಲಿಲ್ಲ. ಅಂಥ ಕುಲದವರು ನಾವು. ಬೆರಳುದ್ದದ ಎಲೆಯ ಸುರುಳಿಗೆ ಯಾಕೆ ಅಂಜುತ್ತೇವೆ? ಈ ಅಂಜಿಕೆ ಎಲ್ಲಿಂದ ಬಂತು? ಅದನ್ನು ಯಾರು ಹುಟ್ಟಿಸಿದರು? ನಾನು ಹೇಳಬೇಕಾದ್ದು ಒಂದೇ ಮಾತು: ಈ ಅಂಜಿಕೆಯನ್ನು ಹುಟ್ಟಿಸಿದ್ದೂ ಬೀಡಿಯೇ, ಸಾಕಿದ್ದೂ ಬೀಡಿಯೇ.

ತಂಬಾಕಿನೊಳಗೆ ನಿಕೋಟಿನ್ ಎಂಬ ವಸ್ತು ಇದೆ. ಜಗ್ಗಿದ ಹೊಗೆ ಎದೆಗೆ ಇಳಿದು, ಕೆಲವೇ ಕ್ಷಣದಲ್ಲಿ ಅದು ಮಿದುಳಿಗೆ ಮುಟ್ಟುತ್ತದೆ. ಹಾಯ್ ಎನಿಸುತ್ತದೆ. ಆದರೆ ಸುಮಾರು ಎರಡು ತಾಸಿನಲ್ಲಿ ರಕ್ತದಲ್ಲಿ ಅದು ಅರ್ಧಕ್ಕೆ ಇಳಿಯುತ್ತದೆ. ಇಳಿದ ಹಾಗೆ ಮೈ ಚಡಪಡಿಸುತ್ತದೆ, ಸಿಟ್ಟು ಬರುತ್ತದೆ, ಕೆಲಸದಲ್ಲಿ ಮನಸ್ಸು ನಿಲ್ಲುವುದಿಲ್ಲ. ಆಗ ಮತ್ತೊಂದು ಹಚ್ಚುತ್ತೇವೆ. "ನೋಡ್ರಿ, ಬೀಡಿ ಸೇದಿದ ಮ್ಯಾಲೆ ಸಮಾಧಾನ ಆತು" ಎನ್ನುತ್ತೇವೆ. ಸಮಾಧಾನ ಆದದ್ದು ಯಾವುದಕ್ಕೆ? ಹಿಂದಿನ ಬೀಡಿ ಮಾಡಿಟ್ಟು ಹೋದ ಚಡಪಡಿಕೆಗೆ. ಬೀಡಿ ಸೇದದ ನಿಮ್ಮ ತಮ್ಮನನ್ನು ನೋಡಿ. ಊಟ ಮಾಡಿ ಕೈ ತೊಳೆದು ಸುಮ್ಮನೆ ಕೂತಿರುತ್ತಾನೆ. ಅವನಿಗೆ ಪುಗಸಟ್ಟೆ ಸಿಗುವ ಸಮಾಧಾನಕ್ಕೆ ನೀವು ದಿನಕ್ಕೆ ಇಪ್ಪತ್ತು ಸಲ ಬಾಡಿಗೆ ಕಟ್ಟುತ್ತಿದ್ದೀರಿ.

ಇದು ಯಾವ ವ್ಯವಹಾರ ಎಂದು ರೈತನಿಗೆ ಬಿಡಿಸಿ ಹೇಳಬೇಕಾಗಿಲ್ಲ. ಬಡ್ಡಿ ಕಟ್ಟಲಿಕ್ಕೆ ಸಾಲ ತರುವುದು, ಆ ಸಾಲದ ಬಡ್ಡಿಗೆ ಮತ್ತೆ ಸಾಲ ತರುವುದು. ಅಸಲು ಎಂದೂ ತೀರುವುದಿಲ್ಲ. "ಈತ ಬಾಗಿಲು ಮುಚ್ಚಿದರ ಬಿತ್ತಿಗಿ ಕಾಲಕ್ಕ ನಮಗ ಯಾರು ಕೊಡ್ತಾರ?" ಎಂಬ ಅಂಜಿಕೆಯೇ ಸಾಹುಕಾರನ ದೊಡ್ಡ ಬಂಡವಾಳ. ಅವನು ಕೊಟ್ಟ ರೊಕ್ಕಕ್ಕಿಂತ ಆ ಅಂಜಿಕೆ ನಮ್ಮನ್ನು ಗಟ್ಟಿಯಾಗಿ ಹಿಡಿದಿರುತ್ತದೆ. ಬೀಡಿಯೂ ಹಾಗೆಯೇ ಹಿಡಿದಿದೆ. ಒಂದೇ ವ್ಯತ್ಯಾಸ. ಸಾಹುಕಾರನ ಸಾಲ ತೀರಿಸಲು ಹತ್ತು ಸುಗ್ಗಿ ಬೇಕಾಗಬಹುದು. ಈ ಸಾಲದ ಬಹುಭಾಗ ಮೂರು ನಾಲ್ಕು ವಾರದಲ್ಲಿ ತೀರುತ್ತದೆ.

ಈಗ ಅಂಜಿಕೆಗಳನ್ನು ಒಂದೊಂದಾಗಿ ಕಟ್ಟೆಗೆ ಕರೆದು ವಿಚಾರಿಸೋಣ.

ಮೊದಲನೆಯದು, ಎಲ್ಲಕ್ಕಿಂತ ದೊಡ್ಡದು. "ಐವತ್ತು ವರ್ಷ ಸೇದಿದ್ದು ಒಮ್ಮಿಂದೊಮ್ಮೆಲೇ ಬಿಟ್ರ ಜೀವಕ್ಕ ಆಗಿಬರೂದಿಲ್ಲ. ನಮ್ಮೂರಾಗ ಒಬ್ಬಾತ ಬಿಟ್ಟ, ಮೂರು ತಿಂಗಳಿಗೆ ಹೋಗಿಬಿಟ್ಟ." ಈ ಮಾತು ಪ್ರತಿ ಊರಿನಲ್ಲೂ ಇದೆ. ಸುಳ್ಳು ಎಂದು ನಾನು ಹೇಳುವುದಿಲ್ಲ. ಬಿಟ್ಟದ್ದು ನಿಜ, ಸತ್ತದ್ದೂ ನಿಜ. ಆದರೆ ಆತ ಯಾವಾಗ ಬಿಟ್ಟ? ಎದೆ ನೋವು ಬಂದ ಮೇಲೆ, ಕೆಮ್ಮಿದರೆ ರಕ್ತ ಬಿದ್ದ ಮೇಲೆ, ನಾಲ್ಕು ಹೆಜ್ಜೆಗೆ ದಮ್ಮು ಕಟ್ಟಿದ ಮೇಲೆ, ಡಾಕ್ಟರು ಕೈ ಚೆಲ್ಲಿದ ಮೇಲೆ. ರೋಗ ಬಂದದ್ದರಿಂದ ಬಿಟ್ಟ. ಬಿಟ್ಟದ್ದರಿಂದ ರೋಗ ಬರಲಿಲ್ಲ. ಬೆಳೆ ಒಣಗಿದ ಮೇಲೆ ಮಳೆ ಬಂದರೆ, ಮಳೆಯಿಂದ ಬೆಳೆ ಹೋಯಿತು ಎನ್ನುತ್ತೇವೆಯೆ?

ಈ ಅಂಜಿಕೆಗೆ ಇನ್ನೊಂದು ಬೇರು ಇದೆ. ಅದು ಸೆರೆಯದ್ದು. ದಿನವೂ ವಿಪರೀತ ಸೆರೆ ಕುಡಿಯುವವನು ಒಮ್ಮೆಲೇ ನಿಲ್ಲಿಸಿದರೆ ಕೈಕಾಲು ನಡುಗುತ್ತವೆ, ಭ್ರಮೆ ಹಿಡಿಯುತ್ತದೆ, ಫಿಟ್ಸ್ ಬರುತ್ತದೆ, ಜೀವಕ್ಕೂ ಅಪಾಯ. ಅಂಥವರು ಡಾಕ್ಟರ ಕೈಕೆಳಗೇ ಬಿಡಬೇಕು. ಇದನ್ನು ಕಂಡ ಜನ ಬೀಡಿಯೂ ಹಾಗೇ ಎಂದು ತಿಳಿದರು. ಬೀಡಿ ಹಾಗಲ್ಲ. ಬೀಡಿ ನಿಲ್ಲಿಸಿದರೆ ಸಂಕಟವಾಗುತ್ತದೆ, ಅಪಾಯವಿಲ್ಲ. ಹೃದಯದ ರೋಗಿಗೆ ಡಾಕ್ಟರು "ಇವತ್ತೇ ನಿಲ್ಲಿಸು" ಎನ್ನುತ್ತಾರೆಯೇ ಹೊರತು "ಸಾವಕಾಶ ಬಿಡು" ಎನ್ನುವುದಿಲ್ಲ.

ಎರಡನೆಯದು: "ವಯಸ್ಸಾತು, ಇನ್ನ ಬಿಟ್ರೇನು ಬಿಡದಿದ್ರೇನು." ಇದಕ್ಕೆ ಉತ್ತರ ಇಂಗ್ಲೆಂಡಿನಿಂದ ಬಂದಿದೆ. 1951ರಲ್ಲಿ ಅಲ್ಲಿ 34,439 ಗಂಡಸು ಡಾಕ್ಟರುಗಳ ಸೇದುವ ಚಟವನ್ನು ಬರೆದಿಟ್ಟುಕೊಂಡು 50 ವರ್ಷ ಅವರನ್ನು ಹಿಂಬಾಲಿಸಿದರು. ಯಾರು ಸತ್ತರು, ಯಾವುದರಿಂದ ಸತ್ತರು ಎಂದು ಲೆಕ್ಕ ಇಟ್ಟರು. 2004ರಲ್ಲಿ ಬಂದ ಫಲಿತಾಂಶ ಇದು: ಸಿಗರೇಟು ಸೇದುತ್ತಲೇ ಉಳಿದವರು ಸೇದದವರಿಗಿಂತ ಸರಾಸರಿ 10 ವರ್ಷ ಮೊದಲೇ ತೀರಿಕೊಂಡರು. 30ರಲ್ಲಿ ಬಿಟ್ಟವರು ಹೆಚ್ಚುಕಡಿಮೆ ಆ 10 ವರ್ಷವನ್ನೂ ಉಳಿಸಿಕೊಂಡರು. 40ರಲ್ಲಿ ಬಿಟ್ಟವರಿಗೆ 9, 50ರಲ್ಲಿ ಬಿಟ್ಟವರಿಗೆ 6, 60ರಲ್ಲಿ ಬಿಟ್ಟವರಿಗೆ ಸಹ 3 ವರ್ಷ ಸಿಕ್ಕಿತು. ಮೂರು ವರ್ಷ ಎಂದರೆ ಮೂರು ಮುಂಗಾರು, ಮೂರು ಸುಗ್ಗಿ. ಮೊಮ್ಮಗಳ ಮದುವೆ ನೋಡುವಷ್ಟು ದಿನ. ಅದು ಸಣ್ಣದೇನು?

"ಅದು ಸಿಗರೇಟಿನ ಮಾತು, ನಮ್ಮದು ಎಲಿ ಬೀಡಿ" ಎನ್ನಬಹುದು. ನಮ್ಮ ದೇಶದಲ್ಲೇ 11 ಲಕ್ಷ ಮನೆಗಳನ್ನು ವಿಚಾರಿಸಿ ಮಾಡಿದ ಅಧ್ಯಯನ 2008ರಲ್ಲಿ ಪ್ರಕಟವಾಯಿತು. ಸಿಗರೇಟು ಸೇದುವ ಗಂಡಸರ ಆಯುಷ್ಯ ಸುಮಾರು 10 ವರ್ಷ, ಬೀಡಿ ಸೇದುವವರದು ಸುಮಾರು 6 ವರ್ಷ ಕಡಿಮೆ ಎಂದು ಕಂಡುಬಂತು. ಬೀಡಿಯಲ್ಲಿ ತಂಬಾಕು ಕಡಿಮೆ ಎಂಬುದು ನಿಜ. ಆದರೆ ಅದು ಪದೇಪದೇ ಆರುತ್ತದೆ, ಆರದಂತೆ ಮತ್ತೆ ಮತ್ತೆ ಜಗ್ಗಬೇಕು. ಹಾಗಾಗಿ ಒಳಗೆ ಹೋಗುವ ವಿಷ ಸಿಗರೇಟಿಗಿಂತ ಕಡಿಮೆಯಾಗುವುದಿಲ್ಲ. ಇನ್ನು ಕ್ಷಯ. ತಮಿಳುನಾಡಿನಲ್ಲಿ ಮಾಡಿದ ಅಧ್ಯಯನ 2003ರಲ್ಲಿ ಬಂತು. ಕ್ಷಯದಿಂದ ಸತ್ತ ನಡುವಯಸ್ಸಿನ ಗಂಡಸರಲ್ಲಿ ಅರ್ಧದಷ್ಟು ಸಾವಿಗೆ ಹೊಗೆಯೇ ಕಾರಣ ಎಂದು ಅದು ಹೇಳಿತು. ಕೂಲಿ ಮಾಡುವವರ ಮನೆ, ಹೊಲ ಇರುವವರ ಮನೆ ಎಂದು ಕ್ಷಯ ನೋಡಿ ಬರುವುದಿಲ್ಲ.

"ನಮ್ಮ ಮುತ್ಯಾ ತೊಂಬತ್ತು ವರ್ಷದತನಕ ಚುಟ್ಟಾ ಸೇದಿದ, ಏನೂ ಆಗಲಿಲ್ಲ" ಎಂಬ ಮಾತೂ ಬರುತ್ತದೆ. ಬರಗಾಲದಲ್ಲಿ ಬಾವಿ ಇದ್ದ ಒಬ್ಬನ ಹೊಲ ಹಸಿರಾಗಿದ್ದರೆ ಬರವೇ ಇರಲಿಲ್ಲ ಎನ್ನುತ್ತೇವೆಯೆ? ಮುತ್ಯಾನ ಜೊತೆ ಸೇದಿ ಐವತ್ತಕ್ಕೆ, ಐವತ್ತೈದಕ್ಕೆ ಹೋದವರು ಕಟ್ಟೆಯ ಮೇಲೆ ಕೂತು ಸಾಕ್ಷಿ ಹೇಳಲು ಬರುವುದಿಲ್ಲ.

ಮೂರನೆಯ ಅಂಜಿಕೆ ಮೈಯದು. ಇದನ್ನು ಮುಚ್ಚಿಡದೆ ಹೇಳುತ್ತೇನೆ. ಬಿಟ್ಟ ಎರಡನೆಯ ದಿನ, ಮೂರನೆಯ ದಿನ ಎಲ್ಲಕ್ಕಿಂತ ಕಷ್ಟ. ತಲೆ ಭಾರ, ಸಿಟ್ಟು, ನಿದ್ದೆ ಹರಿಯುವುದು. ಹೆಂಡತಿ ಮಕ್ಕಳ ಮೇಲೆ ಸುಮ್ಮಸುಮ್ಮನೆ ರೇಗುವುದು. ಒಂದು ವಾರದ ಮೇಲೆ ಇಳಿಯುತ್ತ ಬಂದು, ಮೂರು ನಾಲ್ಕು ವಾರಕ್ಕೆ ಹೆಚ್ಚಿನವರಿಗೆ ತಹಬಂದಿಗೆ ಬರುತ್ತದೆ. ಮುಂದೆ ಯಾವಾಗಲೋ ಒಮ್ಮೆ ನೆನಪು ಬರಬಹುದು, ಅದು ಹೋಗುತ್ತದೆ.

ಹೊರಕಡೆಯ ಮಾತು. "ಮುಂಜಾನೆದ್ದು ಬೀಡಿ ಹಚ್ಚದಿದ್ರ ಹೊಟ್ಟಿ ಸಾಫ್ ಆಗೂದಿಲ್ರಿ" ಎನ್ನುವವರು ನೂರಕ್ಕೆ ಎಷ್ಟೋ ಮಂದಿ. ಇದು ಬರೀ ಕಲ್ಪನೆ ಅಲ್ಲ. ನಿಕೋಟಿನ್ ಕರುಳನ್ನು ಚುಚ್ಚಿ ಎಬ್ಬಿಸುತ್ತದೆ. ಅದು ನಿಂತರೆ ಕೆಲವು ದಿನ ಕರುಳು ಮೊಂಡುತನ ಮಾಡುತ್ತದೆ. ಎದ್ದ ಕೂಡಲೇ ದೊಡ್ಡ ತಂಬಿಗೆ ಬೆಚ್ಚಗಿನ ನೀರು, ಜೋಳದ ರೊಟ್ಟಿ, ಪುಂಡಿಪಲ್ಯ, ರಾತ್ರಿ ಬಾಳೆಹಣ್ಣು. ಬಾರುಕೋಲು ಇಲ್ಲದೆ ನಡೆಯುವುದನ್ನು ಎತ್ತು ಕಲಿಯುವ ಹಾಗೆ ಕರುಳೂ ಕಲಿಯುತ್ತದೆ.

ಕೆಮ್ಮಿನ ವಿಷಯದಲ್ಲಿ ಮೋಸಹೋಗಬೇಡಿ. ಬಿಟ್ಟ ಮೇಲೆ ಕೆಲವರಿಗೆ ಕೆಮ್ಮು, ಕಫ ಕೆಲವು ವಾರ ಹೆಚ್ಚಾಗುತ್ತದೆ. "ನೋಡಪಾ, ಸೇದೂವಾಗನ ಛಲೋ ಇದ್ದೆ" ಎಂದು ಮತ್ತೆ ಹಚ್ಚುತ್ತಾರೆ. ಉಸಿರಿನ ಕೊಳವೆಯೊಳಗೆ ಕಸ ಗುಡಿಸುವ ಕೂದಲಿನಂಥ ಎಳೆಗಳಿವೆ. ಹೊಗೆ ಅವನ್ನು ಕೆಡವಿ ಮಲಗಿಸಿರುತ್ತದೆ. ಹೊಗೆ ನಿಂತಾಗ ಅವು ಎದ್ದು ಹಳೆಯ ಹೊಲಸು ಹೊರಹಾಕಲು ಶುರು ಮಾಡುತ್ತವೆ. ಬಾವಿಯ ಹೂಳು ತೆಗೆಯುವಾಗ ನೀರು ಮೊದಲು ರಾಡಿಯಾಗಿಯೇ ಬರುತ್ತದಲ್ಲವೆ? ಆದರೆ ರಕ್ತ ಬಿದ್ದರೆ, ಎರಡು ವಾರ ದಾಟಿಯೂ ಕೆಮ್ಮು ಬಿಡದಿದ್ದರೆ, ಅದನ್ನು ಹೂಳು ಎಂದು ಕೂಡಬೇಡಿ. ಕಫ ಪರೀಕ್ಷೆ ಮಾಡಿಸಿ.

ನಾಲ್ಕನೆಯ ಅಂಜಿಕೆ ಒಂಟಿತನದ್ದು. ನಮ್ಮ ತಂದೆಯವರು ದನ ಕಾಯುವ ಹುಡುಗರಿದ್ದಾಗಲೇ ಬೀಡಿ ಹಿಡಿದವರು. ಮಾನ್ವಿ ಕಡೆಯ ಕಾಲುವೆಯ ಕೊನೆಭಾಗದ ಹೊಲ ನಮ್ಮದು. ನೀರು ಬಂದರೆ ರಾತ್ರಿ, ಅದೂ ಮೇಲಿನವರು ಬಿಟ್ಟರೆ. ರಾತ್ರಿಯೆಲ್ಲ ಗದ್ದೆಯ ಬದುವಿನ ಮೇಲೆ ಕೂಡಬೇಕು. 64ನೆಯ ವರ್ಷದಲ್ಲಿ ಡಾಕ್ಟರು ಬಿಡು ಎಂದಾಗ ಅವರು ಕೇಳಿದ್ದು ಒಂದೇ: "ಕತ್ತಲಾಗ ನನ್ನ ಜೋಡಿ ಯಾರು ಕೂಡ್ತಾರ?" ರೋಗಕ್ಕೆ ಅಂಜಿದವರಲ್ಲ, ಆ ಕತ್ತಲೆಗೆ ಅಂಜಿದರು. ನಾವು ಮಾಡಿದ್ದು ದೊಡ್ಡದೇನಲ್ಲ. ಮೊದಲ ತಿಂಗಳು ನೀರಿನ ಸರದಿಗೆ ಒಬ್ಬರೇ ಹೋಗದಂತೆ ನೋಡಿಕೊಂಡೆವು. ಜೊತೆಗೆ ಒಂದು ಚೀಲ ಶೇಂಗಾ, ಒಂದು ಫ್ಲಾಸ್ಕು ಚಾ. ಒಂದು ರಾತ್ರಿ ಅವರೇ ಹೇಳಿದರು: "ಬೀಡಿ ಏನು ನನ್ನ ಜೋಡಿ ಮಾತಾಡ್ತಿತ್ತೇನು? ಮಾತಾಡಿದಾವ ನಾನ." ಆಮೇಲೆ ಅವರು ಒಂಟಿಯಾಗಿಯೇ ಹೋಗತೊಡಗಿದರು.

ಅದೇ ರೀತಿ ಕಟ್ಟೆ. ಅಗಸಿ ಕಟ್ಟೆಯ ಮೇಲೆ, ಎಪಿಎಂಸಿಯಲ್ಲಿ ಟೆಂಡರಿನ ದಾರಿ ಕಾಯುವಾಗ, ಒಬ್ಬರಿಗೊಬ್ಬರು ಬೀಡಿ ಚಾಚುವುದು ಮರ್ಯಾದೆ. "ತಗೋಳ್ರಿ ಗೌಡ್ರ" ಎಂದಾಗ ಬೇಡ ಎನ್ನಲು ಸಂಕೋಚ. ಬೇಡ ಎಂದು ಒಂದೇ ಸಲ ಗಟ್ಟಿಯಾಗಿ ಹೇಳಿ: "ಡಾಕ್ಟರು ಬ್ಯಾಡಂದಾರ." ರೈತರು ಡಾಕ್ಟರ ಹೆಸರಿಗೆ ಮರ್ಯಾದೆ ಕೊಡುತ್ತಾರೆ. ಇನ್ನು ಆಳುಗಳಿಗೆ ಕೂಲಿಯ ಜೊತೆ ಬೀಡಿ ಕಟ್ಟು ಕೊಡುವ ಪದ್ಧತಿ ನಮ್ಮಲ್ಲಿ ಇದೆ. ಅದನ್ನು ನಿಲ್ಲಿಸಿ ಆ ರೊಕ್ಕ ಕೂಲಿಗೇ ಸೇರಿಸಿ ಕೊಡಿ. ಹುಡುಗನ ಕೈಗೆ ರೊಕ್ಕ ಕೊಟ್ಟು ಬೀಡಿ ತರಲು ಅಂಗಡಿಗೆ ಕಳಿಸಬೇಡಿ. 2003ರ ಕಾಯ್ದೆಯೇ ಮಕ್ಕಳಿಗೆ ತಂಬಾಕು ಮಾರುವುದನ್ನು ನಿಷೇಧಿಸಿದೆ. ಕಾಯ್ದೆ ಇರಲಿ ಬಿಡಲಿ, ದಾರಿ ತೋರಿಸುವವರು ನಾವೇ ಆಗಬಾರದು.

ಐದನೆಯದು ಸೋಲಿನ ಅಂಜಿಕೆ. "ಬಿಟ್ಟೀನಂತ ಡಂಗುರ ಹೊಡದು ನಾಳೆ ಮತ್ತ ಸೇದಿದ್ರ ಊರೆಲ್ಲ ನಗ್ತದ." ಅದಕ್ಕೇ ಎಷ್ಟೋ ಜನ ಶುರುವೇ ಮಾಡುವುದಿಲ್ಲ. ಕೆಲವರು ಸೂಗೂರೇಶ್ವರನ ಮುಂದೆ ನಿಂತು ಆಣೆ ಮಾಡುತ್ತಾರೆ. ಭಕ್ತಿ ಒಳ್ಳೆಯದು, ಅದು ಬಲ ಕೊಡುತ್ತದೆ. ಆದರೆ ಒಂದು ದಿನ ಕಾಲು ಜಾರಿತು ಎನ್ನಿ, "ಆಣಿ ಮುರದೆ, ಇನ್ನ ಪಾಪ ಬಂದೇ ಬಂತು" ಎಂದು ಮೊದಲಿಗಿಂತ ಹೆಚ್ಚು ಸೇದುವವರನ್ನು ಕಂಡಿದ್ದೇನೆ. ಆಣೆ ಬೇಡ. ದೇವರ ಹತ್ತಿರ ಇವತ್ತಿನ ಒಂದು ದಿನಕ್ಕೆ ಶಕ್ತಿ ಕೇಳಿ, ನಾಳೆ ಮತ್ತೆ ನಾಳೆಯದು ಕೇಳಿ. ಬೀಡಿ ಬಿಟ್ಟು ಉಳಿದವರಲ್ಲಿ ಬಹಳಷ್ಟು ಜನ ಒಂದೇ ಸಲಕ್ಕೆ ಬಿಟ್ಟವರಲ್ಲ. ಎರಡು ಸಲ, ನಾಲ್ಕು ಸಲ, ಇನ್ನೂ ಹೆಚ್ಚು ಸಲ ಪ್ರಯತ್ನಪಟ್ಟವರು. ಮಳೆ ಕೈಕೊಟ್ಟು ಬೀಜ ಮೊಳೆಯದಿದ್ದರೆ ಹೊಲ ಮಾರುತ್ತೀರೇನು? ಮರುಬಿತ್ತನೆ ಮಾಡುತ್ತೀರಿ. ಇದೂ ಅಷ್ಟೇ.

ಒಬ್ಬ ಯುವಕರು ಚೀಟಿ ಕಳಿಸಿದ್ದಾರೆ: ನಾವೆಲ್ಲ ಬೀಡಿ ಬಿಟ್ಟರೆ ತಂಬಾಕು ಬೆಳೆಯುವ ನಿಪ್ಪಾಣಿಯ ರೈತರ ಹೊಟ್ಟೆಯ ಮೇಲೆ ಹೊಡೆದಂತೆ ಆಗುವುದಿಲ್ಲವೆ? ಯೋಗ್ಯ ಪ್ರಶ್ನೆ. 1981ರಲ್ಲಿ ಆ ಬೆಳೆಗಾರರು ಶರದ್ ಜೋಶಿಯವರ ಮುಂದಾಳುತನದಲ್ಲಿ ಪುಣೆ–ಬೆಂಗಳೂರು ಹೆದ್ದಾರಿಯ ಮೇಲೆ ಕೂತರು. ಏಪ್ರಿಲ್‌ನಲ್ಲಿ ಪೊಲೀಸರ ಗುಂಡಿಗೆ ರೈತರು ಪ್ರಾಣ ಕೊಟ್ಟರು. ಅವರು ಕೇಳಿದ್ದು ತಾವು ಬೆಳೆದದ್ದಕ್ಕೆ ನ್ಯಾಯದ ಬೆಲೆ. ದೇಶವೆಲ್ಲ ಬೀಡಿ ಸೇದುತ್ತಿದ್ದ ಕಾಲದಲ್ಲೇ ಅವರಿಗೆ ಆ ಬೆಲೆ ಸಿಕ್ಕಿರಲಿಲ್ಲ ಎಂಬುದನ್ನು ಗಮನಿಸಿ. ರೈತನಿಗೆ ಬೆಲೆ ಕೊಡಿಸುವುದು ಹೋರಾಟ, ಇನ್ನೊಬ್ಬ ರೈತನ ಪುಪ್ಪುಸವಲ್ಲ. ಅವರಿಗೆ ಬೇರೆ ಬೆಳೆಗೆ ದಾರಿ, ಆ ಬೆಳೆಗೆ ಬೆಲೆ ಕೇಳಬೇಕು. ಬೀಡಿ ಕಟ್ಟುವ ಹೆಣ್ಣುಮಕ್ಕಳಿಗೆ ಬೇರೆ ದುಡಿಮೆ ಕೇಳಬೇಕು. ಅದಕ್ಕೆ ನಮ್ಮ ದನಿ ಬೇಕು. ದನಿಗೆ ಉಸಿರು ಬೇಕು.

ಈಗ ದಾರಿ. ದಿನ ಗೊತ್ತುಮಾಡಿ. ಬಿತ್ತಿಗೆಯ ಗದ್ದಲದಲ್ಲಿ ಬೇಡ, ಸಾಲ ವಸೂಲಿಯವರು ಬಾಗಿಲಿಗೆ ಬಂದ ದಿನ ಬೇಡ. ಆದರೆ ಒಳ್ಳೆಯ ದಿನ ಹುಡುಕುತ್ತ ವರ್ಷ ಕಳೆಯಲೂ ಬೇಡ. ಹದಿನೈದು ದಿನದೊಳಗೆ ಒಂದು ದಿನ ಇಟ್ಟು ಮನೆಯವರಿಗೆ ಹೇಳಿ. ಹಿಂದಿನ ರಾತ್ರಿಯೇ ಕಿಸೆ, ಗೂಡು, ಬಂಡಿ, ಟ್ರಾಕ್ಟರು, ಪಂಪಿನ ಮನೆ, ಎಲ್ಲ ಕಡೆಯ ಬೀಡಿ ಕಡ್ಡಿಪೆಟ್ಟಿಗೆ ತೆಗೆಯಿರಿ. ಕಣಕಿ ಬಣವಿಗೂ ಅದರಿಂದ ಕ್ಷೇಮ.

ಆಸೆ ಉಕ್ಕಿ ಬಂದಾಗ ಅದು ದಿನವಿಡೀ ಇರುತ್ತದೆಂದು ಮನಸ್ಸು ಹೇಳುತ್ತದೆ. ಇರುವುದಿಲ್ಲ. ಕೆಲವೇ ನಿಮಿಷ. ಎತ್ತಿಗೆ ನೀರು ಕುಡಿಸುವಷ್ಟು ಹೊತ್ತು. ಆ ಹೊತ್ತು ದಾಟಿಸಿದರೆ ಸಾಕು. ಒಂದು ಗ್ಲಾಸು ನೀರು ಸಾವಕಾಶ ಕುಡಿಯಿರಿ, ಬಾಯಿಗೆ ಲವಂಗ, ಬಡೆಸೋಪು, ಪುಠಾಣಿ ಹಾಕಿ, ಎದ್ದು ಬದುವಿನ ಮೇಲೆ ಒಂದು ಸುತ್ತು ತಿರುಗಿ.

ಬೀಡಿ ಬಿಟ್ಟು ಗುಟ್ಕಾ ಹಿಡಿಯಬೇಡಿ, ತಂಬಾಕಿಗೆ ಸುಣ್ಣ ತಿಕ್ಕಿ ತುಟಿಗೆ ಇಡಬೇಡಿ. ಅದು ಒಬ್ಬ ಸಾಹುಕಾರನ ಬಾಕಿ ತೀರಿಸಲು ಇನ್ನೊಬ್ಬನ ಬಳಿ ಹೊಲ ಬರೆದುಕೊಟ್ಟಂತೆ. ತೀರಾ ತಡೆಯದಿದ್ದರೆ ಔಷಧ ಅಂಗಡಿಯಲ್ಲಿ ನಿಕೋಟಿನ್ ಚೂಯಿಂಗ್ ಗಮ್ ಸಿಗುತ್ತದೆ. ಅದನ್ನು ಒಂದಿಷ್ಟು ಅಗಿದು ದವಡೆಯ ಸಂದಿಯಲ್ಲಿ ಇಟ್ಟುಕೊಳ್ಳಬೇಕು, ಗುಟ್ಕಾದ ಹಾಗೆ ಜಗಿಯುತ್ತಲೇ ಇರಬಾರದು. ಅದರಲ್ಲೂ ನಿಕೋಟಿನ್ ಇದೆಯಲ್ಲ ಎನ್ನಬಹುದು. ಇದೆ. ಆದರೆ ಹೊಗೆಯ ವಿಷ ಇಲ್ಲ, ವಾರ ವಾರಕ್ಕೆ ಇಳಿಸುತ್ತ ಎರಡು ಮೂರು ತಿಂಗಳಲ್ಲಿ ಮುಗಿಸುವ ಲೆಕ್ಕ ಇದೆ. ಮೀಟರ್ ಬಡ್ಡಿಯ ಸಾಲವನ್ನು ಸೊಸೈಟಿಯ ಕಂತಿಗೆ ತಿರುಗಿಸಿದಂತೆ. ಬಿಪಿ, ಸಕ್ಕರೆ, ಹೃದಯದ ತೊಂದರೆ ಇದ್ದವರು ಡಾಕ್ಟರನ್ನು ಕೇಳಿ ತೆಗೆದುಕೊಳ್ಳಿ. ಬೇರೆ ಗುಳಿಗೆಗಳೂ ಇವೆ, ಅವು ಡಾಕ್ಟರ ಚೀಟಿಯ ಮೇಲೆಯೇ. ಮನಸ್ಸು ವಿಪರೀತ ಕುಗ್ಗಿದರೆ ಮುಚ್ಚಿಡದೆ ಅವರಿಗೆ ಹೇಳಿ. ಇನ್ನು 1800-11-2356 ಎಂಬ ಸರ್ಕಾರದ ಪುಕ್ಕಟೆ ಫೋನ್ ನಂಬರು ಇದೆ. ಬಿಡಲು ಬಯಸುವವರ ಜೊತೆ ಅಲ್ಲಿ ಮಾತಾಡುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಅದರ ಕೇಂದ್ರವಿದೆ.

ಬಾಂಧವರೆ, ನನ್ನ ಮಾತಿನ ಮೇಲೆ ನಂಬಿಕೆ ಇಡಬೇಕೆಂದು ಕೇಳುವುದಿಲ್ಲ. ರೈತ ಹೊಸ ಬೀಜವನ್ನು ಮೊದಲು ಒಂದು ಮೂಲೆಯಲ್ಲಿ ಬಿತ್ತಿ ನೋಡುತ್ತಾನೆ. ನೀವೂ ನೋಡಿ. ನಾಳೆ ಮುಂಜಾನೆಯ ಮೊದಲ ಬೀಡಿಯನ್ನು ಒಂದು ತಾಸು ಮುಂದಕ್ಕೆ ಹಾಕಿ. ಆ ಒಂದು ತಾಸು ಕೈ ಕೆಲಸ ಮಾಡುತ್ತದೋ ಇಲ್ಲವೋ, ಜೀವ ಇರುತ್ತದೋ ಹೋಗುತ್ತದೋ, ಅಂಜಿಕೆ ಹೇಳಿದ್ದು ಖರೇನೋ ಸುಳ್ಳೋ, ನೀವೇ ಪರೀಕ್ಷೆ ಮಾಡಿ. ಒಂದು ತಾಸು ದಾಟಿದವನಿಗೆ ಎರಡು ತಾಸು ದಾಟಬಹುದು ಎಂದು ಗೊತ್ತಾಗುತ್ತದೆ. ಹಾಗೆ ಗೊತ್ತಾದ ದಿನ ಅಂಜಿಕೆಯ ಪತ್ರ ಹರಿಯಿತು ಎಂದೇ ತಿಳಿಯಿರಿ. ಉಳಿದದ್ದು ಕೆಲವು ವಾರದ ಕಂತು. ಕಟ್ಟಿ ಮುಗಿಸೋಣ.